ಸದ್ದು ಬೇರೆ, ಕುಣಿತ ಬೇರೆ

ನಾನು ತಗೊಂಡ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ನೋಡೋಕೆ ಗತ್ತಾಗಿತ್ತು. ಹಿಂದಿನ ಓನರ್ ಕಂಪನಿ ಸ್ಪ್ರಿಂಗ್ ತೆಗೆಸಿ, ಹೊರಗಡೆ ಸಿಗುವ ಗಿಡ್ಡ ಸ್ಪ್ರಿಂಗ್ ಹಾಕಿಸಿದ್ದರು. ಆಮೇಲೆ ಹಂಪ್‌ಗಳಿಗೆ ಹೊಟ್ಟೆ ಉಜ್ಜುತ್ತದೆ ಅಂತ ಹಿಂದಿನ ಚಕ್ರಗಳ ಸ್ಪ್ರಿಂಗಿನ ಸುತ್ತುಗಳ ಮಧ್ಯೆ ರಬ್ಬರ್ ಬಫರ್ ತುರುಕಿಸಿದ್ದರು. ಮೊದಲು ಇಳಿಸೋದು, ಆಮೇಲೆ ಎತ್ತೋದು! ಶಾಕ್ ಅಬ್ಸಾರ್ಬರ್ ಮಾತ್ರ ಕಂಪನಿಯ ಹಳೇದೇ ಇತ್ತು.

ಕೆಲಸಕ್ಕೆ ನಾನು ಮಂಡ್ಯದಿಂದ ಮೈಸೂರಿಗೆ ಓಡಾಡುವವನು. ಎಕ್ಸ್‌ಪ್ರೆಸ್‌ವೇನಲ್ಲಿ ಸೇತುವೆ ಜಾಯಿಂಟ್ ದಾಟಿದರೆ ಕಾರಿನ ಹಿಂಭಾಗ ಎದ್ದು ಬಿದ್ದು ಕುಣಿಯುತ್ತಿತ್ತು. ಊರೊಳಗೆ ನಿಧಾನಕ್ಕೆ ಹೋದರೆ ಮುಂದಿನಿಂದ ಟಕ್ ಟಕ್. ಕೇಳಿದವರೆಲ್ಲ ಹೇಳಿದ್ದು ಒಂದೇ, ‘ಸಸ್ಪೆನ್ಷನ್ ಪೂರ್ತಿ ಬದಲಾಯಿಸ್ಬಿಡಿ ಸಾ’. ನಾನು ಒಪ್ಪಲಿಲ್ಲ. ಸದ್ದು ಬರುವುದು ಯಾವುದೋ ಎರಡು ಭಾಗದ ನಡುವೆ ಸಡಿಲ ಇದ್ದರೆ. ಕಾರು ಕುಣಿಯುವುದು ಸ್ಪ್ರಿಂಗಿನ ಓಟವನ್ನು ಶಾಕ್ ತಡೆಯದಿದ್ದರೆ. ಎರಡೂ ಒಟ್ಟಿಗೆ ಬಂದ ಮಾತ್ರಕ್ಕೆ ಮೂಲ ಒಂದೇ ಆಗಬೇಕಿಲ್ಲ, ಅಲ್ವಾ?

ಮೊದಲು ಪುಕ್ಕಟೆ ಕೆಲಸ. ಅವೇ ಸದ್ದು ಮಾಡುತ್ತಿರಬಹುದು ಅಂತ ಡಿಕ್ಕಿಯಿಂದ ಜಾಕಿ, ಸ್ಪ್ಯಾನರ್, ಸ್ಟೆಪ್ನಿ ಎಲ್ಲ ಇಳಿಸಿದೆ. ಟೈರಿನ ಗಾಳಿಯನ್ನು ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಬರೆದಿರುವಷ್ಟಕ್ಕೆ ತಂದೆ. ಬಂಕಿನ ಹುಡುಗರು ಕೇಳದೇ ನಾಲ್ಕೈದು ಪಾಯಿಂಟ್ ಜಾಸ್ತಿ ತುಂಬುತ್ತಾರೆ. ಅದರಿಂದಲೇ ಸಣ್ಣ ಗುಂಡಿಗಳೂ ಗಡಸಾಗಿ ಬಡಿಯುತ್ತವೆ.

ಆಮೇಲೆ ಸ್ಪ್ಯಾನರ್ ಮುಟ್ಟದೆ ರಸ್ತೆಯಲ್ಲೇ ಪರೀಕ್ಷೆ ಮಾಡಿದೆ. ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಬಹಳ ಜನ ಇದನ್ನು ಬಿಟ್ಟು ನೇರವಾಗಿ ಬಿಡಿಭಾಗದ ಅಂಗಡಿಗೆ ಹೋಗುತ್ತಾರೆ. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಒಂದು ಅಡ್ಡ ಕಂಬಿ ಇರುತ್ತದೆ, ಸ್ಟೆಬಿಲೈಸರ್ ಬಾರ್. ಅದರ ಎರಡೂ ತುದಿಗೆ ಲಿಂಕ್ ರಾಡ್. ಎರಡೂ ಚಕ್ರ ಒಟ್ಟಿಗೆ ಎದ್ದರೆ ಕಂಬಿ ಸುಮ್ನೆ ತನ್ನ ಬುಷ್‌ನಲ್ಲಿ, ಅಂದರೆ ಹಿಡಿದಿಡುವ ರಬ್ಬರ್ ಬಳೆಯಲ್ಲಿ, ತಿರುಗುತ್ತದೆ, ಲಿಂಕ್ ರಾಡ್ ಮೇಲೆ ಹೆಚ್ಚು ಭಾರ ಬೀಳುವುದಿಲ್ಲ. ಒಂದೇ ಚಕ್ರ ಎದ್ದರೆ ಕಂಬಿ ತಿರುಚಿಕೊಂಡು ಲಿಂಕ್ ರಾಡನ್ನು ಎಳೆಯುತ್ತದೆ.

ಹಾಗಾಗಿ ಸರ್ವಿಸ್ ರಸ್ತೆಯಲ್ಲಿ ಅಡ್ಡಡ್ಡ ಪೂರ್ತಿ ಇರುವ ಹಂಪ್ ಹುಡುಕಿ ನೇರವಾಗಿ ಹತ್ತಿಸಿದೆ. ಮುಂದೆ ಸದ್ದಿಲ್ಲ. ಆಮೇಲೆ ನಾಲೆ ಏರಿ ಮೇಲಿನ ರಸ್ತೆಗೆ ಹೋದೆ. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಒಂದು ಅಂಚು ಕಿತ್ತುಹೋದ ರಸ್ತೆ ಅದು. ಎಡಗಡೆ ಚಕ್ರ ಮಾತ್ರ ಗುಂಡಿಗೆ ಇಳಿಯುವ ಹಾಗೆ ಓಡಿಸಿದರೆ ಟಕ್ ಟಕ್ ಟಕ್, ನಿಲ್ಲುವುದೇ ಇಲ್ಲ. ಲಿಂಕ್ ರಾಡಿನ ಮೇಲೆ ಅನುಮಾನ ಬಂತು.

ಆದರೆ ಗ್ಯಾರೇಜಿನ ಅಣ್ಣ ಅದನ್ನು ಆಗಲೇ ನೋಡಿ ‘ಗಟ್ಟಿಯಾಗೈತೆ ಸಾ’ ಅಂದಿದ್ದರು. ಅವರು ನೋಡಿದ್ದು ಒಂದು ಕಡೆ ಮಾತ್ರ ಜಾಕಿ ಕೊಟ್ಟು. ಒಂದು ಚಕ್ರ ನೇತಾಡುವಾಗ ಕಂಬಿ ತಿರುಚಿಕೊಂಡು ಲಿಂಕ್ ರಾಡನ್ನು ಬಿಗಿಯಾಗಿ ಎಳೆದಿರುತ್ತದೆ. ಆಗ ಕೈಯಲ್ಲಿ ಎಷ್ಟು ಅಲ್ಲಾಡಿಸಿದರೂ ಸಡಿಲ ಗೊತ್ತಾಗುವುದಿಲ್ಲ. ಕಾರನ್ನು ಪಿಟ್ ಮೇಲೆ ನಾಲ್ಕೂ ಚಕ್ರದಲ್ಲಿ ನಿಲ್ಲಿಸಿ, ಕೆಳಗಿಳಿದು ರಾಡ್ ಹಿಡಿದು ಮೇಲೆ ಕೆಳಗೆ ಆಡಿಸಿದೆವು. ಎಡಗಡೆಯದು ಕೈಗೇ ‘ಕ್ಲಿಕ್’ ಅಂತ ತಿಳಿಯಿತು. ಖಾತ್ರಿಗೆ ಎರಡೂ ಲಿಂಕ್ ರಾಡ್ ಬಿಚ್ಚಿ, ಕಂಬಿ ಎಲ್ಲೂ ತಾಗದ ಹಾಗೆ ಕಟ್ಟಿ, ಗ್ಯಾರೇಜಿನ ಬೀದಿಯಲ್ಲೇ ಆಮೆ ವೇಗದಲ್ಲಿ ಒಂದು ಸುತ್ತು ಹೊಡೆದೆವು. ಟಕ್ ಟಕ್ ಮಾಯ. ಹೀಗೆ ಬಿಚ್ಚಿಕೊಂಡು ಹೈವೇಗೆ ಮಾತ್ರ ಹೋಗಬೇಡಿ, ತಿರುವಿನಲ್ಲಿ ಕಾರು ವಿಪರೀತ ವಾಲುತ್ತದೆ. ಹೊಸ ಜೋಡಿ ಹಾಕುವಾಗ ಬೋಲ್ಟಿನ ಮಧ್ಯದ ತೂತಿಗೆ ಅಲೆನ್ ಕೀ ಕೊಟ್ಟು ಹಿಡಿದು ನಟ್ ಬಿಗಿಮಾಡಬೇಕು. ಇಲ್ಲದಿದ್ದರೆ ರಾಡಿನ ತುದಿಯೊಳಗಿನ ಬಾಲ್ ಸುತ್ತುತ್ತಲೇ ಇರುತ್ತದೆ, ನಟ್ ಕೂರುವುದಿಲ್ಲ.

ಇನ್ನೊಂದು ಸದ್ದು ಉಳಿದಿತ್ತು. ನಿಂತ ಕಾರಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ‘ಟೊಂಯ್’. ಗ್ಯಾರೇಜಿನ ಹುಡುಗನಿಗೆ ಸ್ಟೇರಿಂಗ್ ತಿರುಗಿಸಲು ಹೇಳಿ, ನಾನು ಮುಂದಿನ ಸ್ಪ್ರಿಂಗ್ ಮೇಲೆ ಬೆರಳಿಟ್ಟೆ, ಸುತ್ತುಗಳ ಸಂದಿಗೆ ತೂರಿಸದೆ ಹೊರಗಡೆಯಿಂದ. ಸ್ಪ್ರಿಂಗ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿಗಿದು, ಆಮೇಲೆ ಒಂದೇ ಸಲ ಜಿಗಿಯುತ್ತಿತ್ತು. ಮುಂದೆ ಶಾಕ್, ಸ್ಪ್ರಿಂಗ್ ಒಂದೇ ಜೋಡಣೆಯಾಗಿರುತ್ತವೆ, ಅದೇ ಸ್ಟ್ರಟ್. ಅದರ ಮೇಲಿನ ಬೇರಿಂಗ್ ಸರಾಗವಾಗಿ ತಿರುಗದಿದ್ದರೆ, ಅಥವಾ ಸ್ಪ್ರಿಂಗಿನ ತುದಿ ಜಾಗದಲ್ಲಿ ಕೂರದಿದ್ದರೆ ಹೀಗಾಗುತ್ತದೆ.

ಸ್ಟ್ರಟ್ ಬಿಚ್ಚಿಸುವ ಮೊದಲು ಕುಣಿತದ ವಿಚಾರವನ್ನೂ ಮುಗಿಸೋಣ ಅನ್ನಿಸಿತು. ಒಂದೇ ಕೆಲಸಕ್ಕೆ ಎರಡು ಸಲ ಕೂಲಿ ಯಾಕೆ? ಸ್ಪ್ರಿಂಗ್ 30% ಗಟ್ಟಿಯಾದರೆ, ಮೊದಲಿನಷ್ಟೇ ಹಿಡಿತಕ್ಕೆ ಶಾಕ್ ಸುಮಾರು 14% ಜಾಸ್ತಿ ಬಿಗಿ ಇರಬೇಕು. ಇಲ್ಲಿ ಗಿಡ್ಡ ಸ್ಪ್ರಿಂಗ್ ಮೊದಲೇ ಗಟ್ಟಿ. ರಬ್ಬರ್ ಬಫರ್ ಕೆಲವು ಸುತ್ತುಗಳನ್ನು ಹಿಡಿದುಕೊಂಡು ಅದನ್ನು ಇನ್ನೂ ಗಟ್ಟಿ ಮಾಡಿತ್ತು. ಶಾಕ್ ಮಾತ್ರ ಹಳೇದು, ಸುಸ್ತಾದದ್ದು. ಬಾನೆಟ್ ಒತ್ತಿ ಬಿಟ್ಟು ನೋಡುವ ಪರೀಕ್ಷೆಯಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ. ಅರೆಜೀವ ಇರುವುದು ಪಾಸಾಗಿಬಿಡುತ್ತದೆ.

ಬಫರ್ ತೆಗೆಸಿದೆ. ಕುಣಿತ ಕಡಿಮೆಯಾಯಿತು. ಆದರೆ ಹಿಂದೆ ಇಬ್ಬರು ಕೂತರೆ ‘ಧಡ್’ ಅನ್ನುವ ಹೊಸ ಸದ್ದು. ಇದಕ್ಕೆ ಒಂದು ಅಗ್ಗದ ಉಪಾಯ ಇದೆ. ಹಿಂದಿನ ಶಾಕ್‌ನ ಧೂಳಿನ ಕವರ್ ಮೇಲೆ ಸರಿಸಿ, ಹೊಳೆಯುವ ರಾಡಿಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿ, ಕೆಳಗಿನ ಕೊಳವೆಗೆ ತಾಗುವ ಹಾಗೆ ಇಳಿಸಿಡಿ. ತೀರಾ ಬಿಗಿ ಬೇಡ, ತಳ್ಳಿದರೆ ಜರುಗಬೇಕು, ಆದರೆ ತಾನಾಗಿ ಜಾರಬಾರದು. ಶಾಕ್ ಎಷ್ಟು ಒತ್ತಿಕೊಳ್ಳುತ್ತದೋ ಅಷ್ಟು ದೂರ ಕೊಳವೆ ಆ ಟೈಯನ್ನು ಮೇಲೆ ತಳ್ಳಿ ಅಲ್ಲೇ ಬಿಡುತ್ತದೆ. ಮನೆಯವರನ್ನು ಕೂರಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ ಬಂದು ನೋಡಿದರೆ, ಟೈ ಮೇಲೆ ಬಡಿತ ತಡೆಯಲು ಇರುವ ರಬ್ಬರ್ ತುಂಡಿಗೆ (ಬಂಪ್ ಸ್ಟಾಪ್) ಹೋಗಿ ಅಂಟಿಕೊಂಡಿತ್ತು. ಅಂದರೆ ಗಿಡ್ಡ ಸ್ಪ್ರಿಂಗಿನಿಂದಾಗಿ ಚಕ್ರಕ್ಕೆ ಮೇಲೇಳಲು ಜಾಗವೇ ಉಳಿದಿರಲಿಲ್ಲ. ಕಾರು ಪದೇ ಪದೇ ಬಂಪ್ ಸ್ಟಾಪ್ ಮೇಲೆ ಕೂತು ಪುಟಿಯುತ್ತಿತ್ತು.

ಇಲ್ಲಿ ಎರಡು ದಾರಿ. ಗಿಡ್ಡ ಸ್ಪ್ರಿಂಗ್ ಇಟ್ಟುಕೊಂಡು, ಅದಕ್ಕೆಂದೇ ಮಾಡಿದ ಬಿಗಿ ಶಾಕ್ ಮತ್ತು ಚಿಕ್ಕ ಬಂಪ್ ಸ್ಟಾಪ್ ಹಾಕುವುದು. ಅಥವಾ ಕಂಪನಿ ಸ್ಪ್ರಿಂಗಿಗೆ ವಾಪಸ್ ಹೋಗುವುದು. ಒಬ್ಬನೇ ಓಡಿಸುವ ಹುಡುಗನಾಗಿದ್ದರೆ ಮೊದಲನೆಯದು ಸರಿ. ನನ್ನ ಕಾರಿನಲ್ಲಿ ಅಪ್ಪ ಅಮ್ಮ ಕೂರುತ್ತಾರೆ, ಊರಿಂದ ಬರುವಾಗ ಬೆಲ್ಲ, ತೆಂಗಿನಕಾಯಿ ಮೂಟೆ ಬೇರೆ. ನಾಲ್ಕೂ ಕಡೆ ಕಂಪನಿ ಸ್ಪ್ರಿಂಗ್, ಹೊಸ ಶಾಕ್ ಅಂತ ತೀರ್ಮಾನಿಸಿದೆ.

ಮುಂದಿನ ಸ್ಟ್ರಟ್ ಬಿಚ್ಚಿದಾಗ ‘ಟೊಂಯ್’ನ ಗುಟ್ಟು ಕಣ್ಣಿಗೇ ಬಿತ್ತು. ಕೆಳಗಿನ ಬಟ್ಟಲಿನಲ್ಲಿ ಸ್ಪ್ರಿಂಗಿನ ತುದಿ ಬಂದು ತಾಗಿ ನಿಲ್ಲಬೇಕಾದ ಒಂದು ಮೆಟ್ಟಿಲು ಇರುತ್ತದೆ. ನಮ್ಮದರಲ್ಲಿ ತುದಿ ಅದರಿಂದ ಎರಡು ಬೆರಳು ದೂರ ನಿಂತಿತ್ತು. ಅದು ಜಾರಿದ ದಾರಿಯಲ್ಲಿ ಬಣ್ಣ ಹೋಗಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಸದ್ದು ಹುಡುಕುವಾಗ ಇಂಥ ಹೊಳಪು ಎಲ್ಲಿದೆ ಅಂತ ಟಾರ್ಚ್ ಹಿಡಿದು ನೋಡಿ. ತುಕ್ಕು, ಧೂಳಿನ ನಡುವೆ ಹೊಳೆಯುವ ಜಾಗದಲ್ಲೇ ಲೋಹಕ್ಕೆ ಲೋಹ ಉಜ್ಜುತ್ತಿರುತ್ತದೆ. ಬೇರಿಂಗೂ ಗರಗರ ಅನ್ನುತ್ತಿತ್ತು, ಬದಲಾಯಿಸಿದೆವು. ಸ್ಟ್ರಟ್ ಬಿಚ್ಚುವುದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಸರಿಯಾಗಿ ಹಾಕದೆ ಮಧ್ಯದ ನಟ್ ತೆಗೆದರೆ ಸ್ಪ್ರಿಂಗ್ ಗುಂಡಿನ ಹಾಗೆ ಹಾರುತ್ತದೆ.

ಕಟ್ಟುವಾಗ ನಾನು ಹಠ ಹಿಡಿದದ್ದು ಒಂದೇ ವಿಷಯಕ್ಕೆ. ಬುಷ್ ಇರುವ ಬೋಲ್ಟುಗಳನ್ನು ಚಕ್ರ ನೇತಾಡುವಾಗ ಅರ್ಧ ಬಿಗಿದು, ಕಾರು ನೆಲಕ್ಕಿಳಿದ ಮೇಲೆ ಪೂರ್ತಿ ಬಿಗಿಯಬೇಕು. ಗಾಳಿಯಲ್ಲೇ ಬಿಗಿದರೆ ಕಾರು ಕೂತಾಗ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಆಮೇಲೆ ಕಿರ್ ಅನ್ನುತ್ತದೆ, ಬೇಗ ಹರಿಯುತ್ತದೆ. ‘ಯಾರೂ ಹಿಂಗ್ ಕೇಳಕಿಲ್ಲ ಸಾ’ ಅಂತ ಅಣ್ಣ ಗೊಣಗಿದರು. ಆದರೂ ಪಿಟ್‌ಗೆ ಇಳಿದು ಬಿಗಿದು ಕೊಟ್ಟರು.

ಕಾರಿನ ಎತ್ತರ ಬದಲಾದರೆ ಚಕ್ರದ ಕೋನವೂ ಬದಲಾಗುತ್ತದೆ. ಹಾಗಾಗಿ ಅಲೈನ್‌ಮೆಂಟ್ ಕಡ್ಡಾಯ. ಅಲ್ಲಿ ನೋಡಿದರೆ ಮುಂದಿನ ಟೈರುಗಳ ಒಳಅಂಚು ಹೊರಗಿನದಕ್ಕಿಂತ ಜಾಸ್ತಿ ಸವೆದಿತ್ತು. ತಗ್ಗಿಸಿ, ಅಲೈನ್‌ಮೆಂಟ್ ಮಾಡಿಸದೆ ಓಡಿಸಿದ್ದರ ಲಕ್ಷಣ. ಅವನ್ನು ಹಿಂದಕ್ಕೆ ಹಾಕಿಸಿದ್ದೇನೆ. ಈಗ ಜಾಯಿಂಟ್ ದಾಟಿದರೆ ಒಂದೇ ಸಲ ಎದ್ದು ಕೂರುತ್ತದೆ. ವೇಗ ಹೆಚ್ಚಾದಾಗ ಹಿಂದಿನಿಂದ ಸಣ್ಣಗೆ ಗುಂಯ್ ಅನ್ನುವುದು ಆ ಟೈರುಗಳದ್ದು. ಹೊಸ ಟೈರ್ ಹಾಕಿಸುವವರೆಗೆ ಅದು ಇರುತ್ತದೆ.