ಎಂಕ್ಯೂ ಸಂದೇಶವನ್ನು ಎಚ್‌ಟಿಟಿಪಿ ಸರ್ವಿಸ್‌ಗೆ ಒಪ್ಪಿಸುವುದು: ನನ್ನ ಅನುಭವ

ಐಬಿಎಂ ಎಂಕ್ಯೂ ಎಂದರೆ ಪ್ರೋಗ್ರಾಂಗಳ ನಡುವಿನ ಸಂದೇಶಗಳನ್ನು ಕ್ಯೂಗಳಲ್ಲಿ (ಸಾಲುಗಳಲ್ಲಿ) ಇಟ್ಟು ತಲುಪಿಸುವ ತಂತ್ರಾಂಶ. ಅದಕ್ಕೆ ಬಂದ ಸಂದೇಶವನ್ನು ಐಬಿಎಂನ ಜೋಡಣೆ ತಂತ್ರಾಂಶವಾದ ಆ್ಯಪ್ ಕನೆಕ್ಟ್ ಎಂಟರ್‌ಪ್ರೈಸ್ ಮೂಲಕ ಒಂದು ರೆಸ್ಟ್ ಸರ್ವಿಸ್‌ಗೆ (ಎಚ್‌ಟಿಟಿಪಿ ಮೂಲಕ ಕರೆಯುವ ಸೇವೆ) ತಲುಪಿಸುವ ಫ್ಲೋ, ಅಂದರೆ ಹಂತಗಳ ಸರಣಿ, ನೋಡಲು ಸರಳ. ಸಂದೇಶ ಓದುವ ಎಂಕ್ಯೂ ಇನ್‌ಪುಟ್ ನೋಡ್ (ನೋಡ್ ಎಂದರೆ ಫ್ಲೋದ ಒಂದು ಹಂತ), ನಡುವೆ ಅದನ್ನು ಬದಲಿಸುವ ಒಂದು ಕಂಪ್ಯೂಟ್, ಆಮೇಲೆ ಸರ್ವಿಸ್ ಕರೆಯುವ ಎಚ್‌ಟಿಟಿಪಿ ರಿಕ್ವೆಸ್ಟ್. ಜೋಡಿಸುವುದಕ್ಕಿಂತ, ಸರ್ವಿಸ್ ಕೈಕೊಟ್ಟಾಗ ಸಂದೇಶ ಎಲ್ಲಿ ಉಳಿಯಬೇಕು ಎಂದು ತೀರ್ಮಾನಿಸುವುದಕ್ಕೇ ನಾನು ಹೆಚ್ಚು ಸಮಯ ಕೊಡುತ್ತೇನೆ.

ಕ್ಯೂ ತಯಾರಿಸುವಾಗ ಡಿಫಾಲ್ಟ್‌ಗಳನ್ನು ನಂಬುವುದಿಲ್ಲ. ಸಂದೇಶವನ್ನು ಡಿಸ್ಕ್‌ನಲ್ಲಿ ಉಳಿಸಬೇಕೇ ಎಂದು ಹೇಳುವ ಡಿಫ್‌ಪರ್ಸಿಸ್ಟ್ ಮೊದಲಿಗೆ 'ನೋ' ಎಂದಿರುತ್ತದೆ. ಕಳುಹಿಸುವ ಪ್ರೋಗ್ರಾಂ ತಾನಾಗಿ ಪರ್ಸಿಸ್ಟೆಂಟ್ (ಉಳಿಸು) ಎನ್ನದಿದ್ದರೆ, ಕ್ಯೂಗಳನ್ನು ನಡೆಸುವ ಕ್ಯೂ ಮ್ಯಾನೇಜರ್ ನಿಂತು ಮತ್ತೆ ಏಳುವಾಗ ಸಂದೇಶಗಳು ಇರುವುದಿಲ್ಲ. ಕ್ಯೂ ಹಿಡಿಯುವ ಸಂದೇಶಗಳ ಮಿತಿಯಾದ ಮ್ಯಾಕ್ಸ್‌ಡೆಪ್ತ್ ಮೊದಲಿಗೆ 5000. ಸೆಕೆಂಡಿಗೆ 20 ಸಂದೇಶ ಬರುವ ಕಡೆ ಸರ್ವಿಸ್ ನಿಂತರೆ 250 ಸೆಕೆಂಡಿನಲ್ಲಿ ಕ್ಯೂ ತುಂಬಿ, ಕಳುಹಿಸುವವರಿಗೆ 2053 (ಕ್ಯೂ ತುಂಬಿದೆ ಎಂಬ ದೋಷ ಸಂಖ್ಯೆ) ಬರತೊಡಗುತ್ತದೆ. ನಾಲ್ಕು ಗಂಟೆಯ ನಿಲುಗಡೆಯನ್ನು ತಡೆದುಕೊಳ್ಳಬೇಕಾದರೆ 2,88,000 ಬೇಕು. ನಾನು 3 ಲಕ್ಷ ಇಟ್ಟು, ಅಷ್ಟಕ್ಕೆ ಡಿಸ್ಕ್ ಸಾಲುತ್ತದೆಯೇ ಎಂದು ಸಂದೇಶದ ಗಾತ್ರದಿಂದ ಗುಣಿಸಿ ನೋಡುತ್ತೇನೆ.

ಮುಂದಿನದು ಬ್ಯಾಕ್‌ಔಟ್, ಅಂದರೆ ವಿಫಲವಾದ ಸಂದೇಶ ಕ್ಯೂಗೆ ಮರಳುವುದು. ಇನ್‌ಪುಟ್ ನೋಡಿನಲ್ಲಿ ಟ್ರಾನ್ಸಾಕ್ಷನ್ ಮೋಡ್ (ಎಲ್ಲ ಹಂತ ಮುಗಿದರಷ್ಟೇ ಕೆಲಸ ಖಾಯಂ) 'ಯೆಸ್' ಇದ್ದರೆ, ಫ್ಲೋ ಎಡವಿದಾಗ ಸಂದೇಶ ಕ್ಯೂಗೆ ಮರಳುತ್ತದೆ, ಅದರ ಬ್ಯಾಕ್‌ಔಟ್ ಕೌಂಟ್ ಒಂದು ಏರುತ್ತದೆ. ಆ ಎಣಿಕೆ ಬಿಒಥ್ರೆಶ್ ಎಂಬ ಮಿತಿ (ಥ್ರೆಶೋಲ್ಡ್) ಮುಟ್ಟಿದಾಗ ಸಂದೇಶ ಬಿಒಕ್ಯೂನೇಮ್‌ನಲ್ಲಿ ಹೇಳಿದ ಬ್ಯಾಕ್‌ಔಟ್ ಕ್ಯೂಗೆ ಹೋಗುತ್ತದೆ. ಅದನ್ನು ಹೇಳಿರದಿದ್ದರೆ ತಲುಪದ ಸಂದೇಶಗಳನ್ನು ಇಡುವ ಡೆಡ್ ಲೆಟರ್ ಕ್ಯೂಗೆ. ಅದೂ ಇಲ್ಲದಿದ್ದರೆ ಆ ಒಂದೇ ಸಂದೇಶ ಸುತ್ತುತ್ತಾ ಹಿಂದೆ ನಿಂತ ಸಂದೇಶಗಳಿಗೆಲ್ಲ ದಾರಿ ಕಟ್ಟುತ್ತದೆ. ಇಲ್ಲಿ ತಿಳಿದಿರಬೇಕಾದ್ದು: ಸಂದೇಶವನ್ನು ಪಕ್ಕಕ್ಕೆ ಸರಿಸುವುದು ಕ್ಯೂ ಮ್ಯಾನೇಜರ್ ಅಲ್ಲ, ಓದುವ ಪ್ರೋಗ್ರಾಂ. ಇನ್‌ಪುಟ್ ನೋಡ್ ಆ ಕೆಲಸ ಮಾಡುತ್ತದೆ. ನೀವೇ ಎಂಕ್ಯೂಐ (ಎಂಕ್ಯೂ ಕರೆಯುವ ಮೂಲ ಫಂಕ್ಷನ್‌ಗಳು) ಬಳಸಿ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಮಾಡುವುದಿಲ್ಲ, ಅದನ್ನು ನೀವೇ ಬರೆಯಬೇಕು. ಓದುವ ಯೂಸರ್‌ಗೆ ಇನ್‌ಪುಟ್ ಕ್ಯೂ ಮೇಲೆ ಗೆಟ್ (ತೆಗೆಯುವ) ಜೊತೆ ಇನ್‌ಕ್ವೈರ್ (ಸೆಟ್ಟಿಂಗ್ ಕೇಳುವ) ಹಕ್ಕು, ಬ್ಯಾಕ್‌ಔಟ್ ಕ್ಯೂ ಮೇಲೆ ಪುಟ್ (ಹಾಕುವ) ಹಕ್ಕು ಎರಡನ್ನೂ ಕೊಡಿ.

ಇನ್‌ಪುಟ್ ನೋಡಿನಲ್ಲಿ ದೋಷ ಹೊರಬರುವ ಕ್ಯಾಚ್ ಟರ್ಮಿನಲ್‌ಗೆ ಬರೀ ಲಾಗ್ ಬರೆಯುವ ನೋಡ್ ಕಟ್ಟಿ ಬಿಡುವುದನ್ನು ಹಲವು ಕಡೆ ನೋಡಿದ್ದೇನೆ. ಆಗ ಎಂಜಿನ್ ಲೆಕ್ಕದಲ್ಲಿ ದೋಷ ನಿಭಾಯಿಸಿದಂತಾಯಿತು. ಕಮಿಟ್ (ಕೆಲಸ ಖಾಯಂ) ಆಗುತ್ತದೆ, ಸಂದೇಶ ಕಳೆದುಹೋಯಿತು. ಲಾಗ್ ಆದ ಮೇಲೆ ದೋಷವನ್ನು ಮತ್ತೆ ಎಸೆದು ಸಂದೇಶವನ್ನು ಕ್ಯೂಗೆ ಮರಳಿಸುವ ಥ್ರೋ ನೋಡ್ ಇರಲೇಬೇಕು.

ಇಷ್ಟಾದರೂ ದೊಡ್ಡ ತೊಡಕು ಉಳಿದಿದೆ. ಎಚ್‌ಟಿಟಿಪಿ ಕರೆ ಎಂಕ್ಯೂ ಟ್ರಾನ್ಸಾಕ್ಷನ್ ಒಳಗೆ ಬರುವುದಿಲ್ಲ. ಸರ್ವಿಸ್ ಹಣ ಜಮಾ ಮಾಡಿ, ಉತ್ತರ ಕೊಡಲು ತಡಮಾಡಿ, ನಮ್ಮ ಟೈಮ್‌ಔಟ್ ಮುಗಿದರೆ ಸಂದೇಶ ಮಾತ್ರ ಹಿಂದಿರುಗುತ್ತದೆ. ಮರುಪ್ರಯತ್ನದಲ್ಲಿ ಎರಡನೇ ಜಮಾ. ರೋಲ್‌ಬ್ಯಾಕ್ (ಎಂಕ್ಯೂ ಕೆಲಸ ಹಿಂತೆಗೆಯುವುದು) ಇದನ್ನು ಎಂದಿಗೂ ಸರಿಪಡಿಸದು. ಹಾಗಾಗಿ ಪ್ರತಿ ಕರೆಯ ಹೆಡರ್‌ನಲ್ಲಿ ಒಂದು ಗುರುತು ಕಳಿಸುತ್ತೇನೆ, ಅದೇ ಗುರುತು ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕೊಡಬೇಕೆಂದು ಸರ್ವಿಸ್‌ನವರ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳುತ್ತೇನೆ. ಮೆಸೇಜ್ ಐಡಿ ಬ್ಯಾಕ್‌ಔಟ್ ಆದರೂ ಬದಲಾಗುವುದಿಲ್ಲ, ಆದ್ದರಿಂದ ಕೆಲಸಕ್ಕೆ ಬರುತ್ತದೆ: 24 ಬೈಟ್, ಹೆಕ್ಸ್‌ನಲ್ಲಿ 48 ಅಕ್ಷರ. ಕಂಪ್ಯೂಟ್ ನೋಡಿನ ಭಾಷೆಯಾದ ಇಎಸ್‌ಕ್ಯೂಎಲ್‌ನಲ್ಲಿ ಅದನ್ನು ಅಕ್ಷರಗಳಿಗೆ ಕ್ಯಾಸ್ಟ್ ಮಾಡಿದಾಗ (ಬದಲಿಸಿದಾಗ) ಮುಂದೆ ಎರಡು, ಹಿಂದೆ ಒಂದು ಹೆಚ್ಚುವರಿ ಅಕ್ಷರ ಅಂಟಿಕೊಂಡಿರುತ್ತವೆ, ಕತ್ತರಿಸಿ. ಆದರೆ ಕಳುಹಿಸುವವರೇ ಅದೇ ವಿಷಯವನ್ನು ಎರಡನೇ ಸಲ ಹಾಕಿದರೆ ಐಡಿ ಹೊಸದು. ಬಿಲ್ ಸಂಖ್ಯೆಯಂಥ ವ್ಯವಹಾರದ ಗುರುತು ಇದ್ದರೆ ಅದೇ ಮೇಲು.

ರಿಕ್ವೆಸ್ಟ್ ನೋಡಿನ ಟೈಮ್‌ಔಟ್ ಡಿಫಾಲ್ಟ್ 120 ಸೆಕೆಂಡ್. ಸರ್ವಿಸ್ ಮೂರು ಸೆಕೆಂಡಿನಲ್ಲಿ ಉತ್ತರಿಸುವಂಥದ್ದಾದರೆ ನಾನು 15ಕ್ಕೆ ಇಳಿಸುತ್ತೇನೆ, ಇಲ್ಲವಾದರೆ ಫ್ಲೋ ಓಡಿಸುವ ಎಲ್ಲ ಥ್ರೆಡ್‌ಗಳೂ ಸತ್ತ ಸರ್ವಿಸ್ ಮುಂದೆ ಕಾದು ಕೂರುತ್ತವೆ. ಸರ್ವಿಸ್‌ನ ದೋಷದ ಉತ್ತರ ಹೊರಬರುವ ಎರರ್ ಟರ್ಮಿನಲ್ ಖಾಲಿ ಬಿಡಬೇಡಿ. 400, 422 (ಕಳಿಸಿದ್ದೇ ತಪ್ಪು ಎಂಬ ಎಚ್‌ಟಿಟಿಪಿ ಉತ್ತರ) ಬಂದರೆ ಎಷ್ಟು ಸಲ ಕಳಿಸಿದರೂ ಅದೇ ಉತ್ತರ. ಮೂಲ ಸಂದೇಶವನ್ನು ನೇರ ದೋಷದ ಕ್ಯೂಗೆ ಹಾಕಿ ಕಮಿಟ್ ಮಾಡಿ. 503 (ಸರ್ವಿಸ್ ಸದ್ಯಕ್ಕೆ ಲಭ್ಯವಿಲ್ಲ) ಬಂದರೆ ಥ್ರೋ. ಮೂಲ ಸಂದೇಶ, ರಿಪ್ಲೈ ಟು ಕ್ಯೂ (ಉತ್ತರ ಹೋಗಬೇಕಾದ ಕ್ಯೂ), ಮೆಸೇಜ್ ಐಡಿಗಳನ್ನು ಕರೆಗೆ ಮುಂಚೆ ಫ್ಲೋ ಮುಗಿಯುವವರೆಗೆ ಉಳಿಯುವ ಎನ್ವಿರಾನ್‌ಮೆಂಟ್ ಟ್ರೀಯಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಕರೆಯ ನಂತರ ಮೆಸೇಜ್ ಟ್ರೀಯಲ್ಲಿ ಇರುವುದು ಸರ್ವಿಸ್ ಕೊಟ್ಟ ಉತ್ತರ.

ಥ್ರೆಶೋಲ್ಡ್ 3 ಎಂದರೆ ಮೂರು ಪ್ರಯತ್ನಗಳ ನಡುವೆ ಬಿಡುವು ಇರುತ್ತದೆ ಎಂದಲ್ಲ. ಸರ್ವಿಸ್ ಕನೆಕ್ಷನ್ ನಿರಾಕರಿಸುತ್ತಿದ್ದರೆ ಮೂರೂ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿದು, ಒಳ್ಳೆಯ ಸಂದೇಶಗಳೆಲ್ಲ ಬ್ಯಾಕ್‌ಔಟ್ ಕ್ಯೂಗೆ ಸುರಿಯುತ್ತವೆ. ಸರ್ವಿಸ್ ಬದುಕಿದೆಯೇ ಎಂದು ನೋಡುವ ಹೆಲ್ತ್ ಚೆಕ್ ಸತತ ವಿಫಲವಾದಾಗ ಇನ್‌ಪುಟ್ ಕ್ಯೂವನ್ನು ಗೆಟ್ ಡಿಸೇಬಲ್ಡ್ ಮಾಡುವ ಸಣ್ಣ ಸ್ಕ್ರಿಪ್ಟ್ ಇದಕ್ಕೆ ನನಗೆ ಸರಿಕಂಡ ಪರಿಹಾರ. ಬರುವುದು ಬರುತ್ತಿರುತ್ತದೆ, ಓದುವುದು ನಿಲ್ಲುತ್ತದೆ.

ಉಳಿದವು ಚಿಕ್ಕವು. 2035 (ಅನುಮತಿ ಇಲ್ಲ ಎಂಬ ದೋಷ) ಬಂದರೆ ಹಕ್ಕು ಅಥವಾ ದೂರದ ಸಂಪರ್ಕಗಳನ್ನು ನಿಯಂತ್ರಿಸುವ ಚಾನೆಲ್ ಆಥ್ ನಿಯಮ ನೋಡಿ. ಎಂಕ್ಯೂ ಆಡಳಿತಗಾರರ ಎಂಕ್ಯೂಎಂ ಗುಂಪಿನ ಯೂಸರ್ ದೂರದಿಂದ ಬಂದರೆ ಡಿಫಾಲ್ಟ್ ನಿಯಮವೇ ತಡೆಯುತ್ತದೆ. ಸಂದೇಶದ ಆಯುಷ್ಯವಾದ ಎಕ್ಸ್‌ಪೈರಿಯ ಅಳತೆ ಸೆಕೆಂಡಿನ ಹತ್ತನೇ ಒಂದು ಭಾಗ, ಅಂದರೆ 30 ಸೆಕೆಂಡಿಗೆ 300. ಗ್ರಾಹಕರ ಹೆಸರು ಕನ್ನಡದಲ್ಲಿದ್ದರೆ ಸಿಸಿಎಸ್‌ಐಡಿ (ಅಕ್ಷರ ಸಂಕೇತದ ಸಂಖ್ಯೆ) 1208, ಅಂದರೆ ಯುಟಿಎಫ್-8, ಇರಲಿ; ದಾರಿಯಲ್ಲಿ ಯಾರಾದರೂ 819ಕ್ಕೆ (ಪಶ್ಚಿಮ ಯುರೋಪಿನ ಅಕ್ಷರಗಳ ಸಂಕೇತ) ಬದಲಿಸಿದರೆ ಆ ಅಕ್ಷರಗಳಿಗೆ ಅಲ್ಲಿ ಜಾಗವೇ ಇಲ್ಲ, ಮತ್ತೆ 1208 ಮಾಡಿದರೂ ಹೆಸರು ಮರಳುವುದಿಲ್ಲ.

ಒಪ್ಪಿಸುವ ಮುನ್ನ ನಕಲಿ ಸರ್ವಿಸ್ ಒಂದನ್ನು ಸಿದ್ಧಮಾಡಿ 422, 503, ಕೆಲಸ ಮುಗಿಸಿ 20 ಸೆಕೆಂಡ್ ಸುಮ್ಮನಿರುವುದು, ಈ ಮೂರನ್ನೂ ಓಡಿಸುತ್ತೇನೆ. ಕೊನೆಯದರಲ್ಲಿ ದಾಖಲೆ ಒಂದೇ ಇರಬೇಕು. ಬ್ಯಾಕ್‌ಔಟ್ ಕ್ಯೂ ಆಳ ಸೊನ್ನೆ ದಾಟಿದ ಕೂಡಲೇ ಅಲಾರ್ಮ್. ಅಲ್ಲಿಂದ ಮರಳಿಸಲು ಡಂಪ್‌ಎಂಕ್ಯೂಮೆಸೇಜ್ (dmpmqmsg) ಉಪಕರಣವಿದೆ: ಮೊದಲು ಬ್ರೌಸ್ ಮಾಡಿ (ಕ್ಯೂನಿಂದ ತೆಗೆಯದೆ ಓದಿ) ಕಡತಕ್ಕೆ ನಕಲು ತೆಗೆದು, ಒಂದೇ ಸಂದೇಶವನ್ನು ಇನ್‌ಪುಟ್ ಕ್ಯೂಗೆ ಹಾಕಿ ನೋಡಿ, ಐಡಿ ಹಾಗೇ ಇದೆ ಎಂದು ಖಚಿತವಾದ ಮೇಲೆ ಉಳಿದವನ್ನು ಸರಿಸಿ.