ರಾಣಿಯ ದವಡೆಯ ಗಂಟು

ಗುಂಪು ಸವಾರಿಗೆ ಹೋಗಿ ಬಂದ ಎಂಟನೇ ದಿನ ನನ್ನ ಹೆಣ್ಣುಗುದುರೆ ರಾಣಿ ಹುಲ್ಲಿಗೆ ಬಾಯಿ ಹಾಕಲಿಲ್ಲ. ಜ್ವರ 40 ಡಿಗ್ರಿ ಸೆಲ್ಸಿಯಸ್, ಕುದುರೆಗೆ 38.5 ದಾಟಬಾರದು. ಎರಡೇ ದಿನದಲ್ಲಿ ಮೂಗಿನಿಂದ ಹಳದಿ ಸಿಂಬಳ, ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು. ಪರೀಕ್ಷೆಯಲ್ಲಿ ಸಿಕ್ಕಿದ್ದು ಸ್ಟ್ರೆಪ್ಟೊಕಾಕಸ್ ಈಕ್ವಿ ಎಂಬ ಬ್ಯಾಕ್ಟೀರಿಯಾ, ಅಂದರೆ ಕುದುರೆಯಿಂದ ಕುದುರೆಗೆ ಹರಡುವ ಸ್ಟ್ರಾಂಗಲ್ಸ್ ರೋಗ. ಸವಾರಿಯಲ್ಲಿ ಎಲ್ಲ ಕುದುರೆಗಳಿಗೂ ಒಂದೇ ತೊಟ್ಟಿಯಲ್ಲಿ ನೀರು ಕುಡಿಸಿದ್ದು ಆಗ ನೆನಪಾಯಿತು.

ಆ್ಯಂಟಿಬಯಾಟಿಕ್ ಕೊಡಿ ಎಂದು ಗೋಗರೆದೆ. ಗಂಟು ಕಟ್ಟಿದ ಮೇಲೆ ಕೊಟ್ಟರೆ ಅದು ಹಣ್ಣಾಗುವುದು ತಡವಾಗುತ್ತದೆ, ಉಸಿರಾಟಕ್ಕೆ ತೊಂದರೆಯಾದರೆ ನೋಡೋಣ ಎಂದರು ಪಶುವೈದ್ಯರು. ದಿನಕ್ಕೆ ಮೂರು ಸಲ ಬಿಸಿನೀರಿನ ಬಟ್ಟೆಯಿಂದ ಶಾಖ ಕೊಟ್ಟೆ. ಆರನೇ ದಿನ ಗಂಟು ಒಡೆದು ಕೀವು ಸುರಿಯಿತು. ಆ ವಾಸನೆ ಹೇಳತೀರದು. ನೀರು ಬೆರೆಸಿದ ಪೊವಿಡೋನ್ ಅಯೋಡಿನ್‌ನಿಂದ ತೊಳೆದೆ. ಮರುದಿನ ನೆನೆಸಿದ ತವುಡು ತಿಂದಳು.

ಉಳಿದೆರಡು ಕುದುರೆಗಳ ಕೆಲಸ ಮುಗಿಸಿಯೇ, ಬೇರೆ ಕಡೆ ಕಟ್ಟಿದ್ದ ರಾಣಿಯ ಬಳಿ ಹೋಗುತ್ತಿದ್ದೆ. ಬಕೆಟ್, ಬ್ರಷ್, ಚಪ್ಪಲಿ ಎಲ್ಲವೂ ಬೇರೆ. ಆ ಎರಡು ಕುದುರೆಗಳಿಗೆ ರೋಗ ಹರಡಲಿಲ್ಲ. ಗುಣವಾದಂತೆ ಕಂಡ ಕುದುರೆಯ ಗಂಟಲಿನ ಚೀಲಗಳಲ್ಲೂ ರೋಗಾಣು ತಿಂಗಳುಗಟ್ಟಲೆ ಅಡಗಿರಬಹುದು. ಹಾಗಾಗಿ ವಾರಕ್ಕೊಂದರಂತೆ ಮೂರು ಪರೀಕ್ಷೆ ಮಾಡಿಸಿ, ಮೂರರಲ್ಲೂ ಏನೂ ಸಿಗದ ಮೇಲೆ ಅವಳನ್ನು ಮತ್ತೆ ಲಾಯಕ್ಕೆ ತಂದೆ. ಈಗ ದಿನಕ್ಕೆ 20 ನಿಮಿಷ ನಡಿಗೆ ಮಾತ್ರ. ಜೀನು ಇನ್ನೂ ಗೋಡೆಯ ಗೂಟದಲ್ಲೇ ಇದೆ.