ಧಾರವಾಡಕ್ಕೆ ಓದಲು ಬರುವ ನಮ್ಮ ಮಕ್ಕಳಿಗಾಗಿ ಸಭೆಗಳು ಕೈಜೋಡಿಸಿದ್ದು: ನನ್ನ ಅನುಭವ

ಬೀದರ್ ಕಡೆಯಿಂದ ಧಾರವಾಡಕ್ಕೆ ಓದಲು ಬರುವ ಕ್ರೈಸ್ತ ಮಕ್ಕಳಲ್ಲಿ ಮೆಥಡಿಸ್ಟ್ ಸಭೆಯವರೇ (ಸಭೆ ಅಂದರೆ ಚರ್ಚ್) ಜಾಸ್ತಿ. ಧಾರವಾಡವೋ 1837ರಲ್ಲೇ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ಬಂದ ಊರು, ಆ ಬೇರಿನ ಹಳೇ ಸಭೆಗಳು ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). 1947ರಲ್ಲಿ ಸಿಎಸ್‌ಐ ಆದಾಗ ಬ್ರಿಟಿಷ್ ಮೆಥಡಿಸ್ಟರು ಅದರೊಳಗೆ ಬಂದರು, ಬೀದರ್ ಭಾಗದ ಅಮೆರಿಕನ್ ಮೆಥಡಿಸ್ಟ್ ಸಭೆಗಳು ಹೊರಗೇ ಉಳಿದವು. ಇದೆಲ್ಲ ಹುಡುಗರಿಗೆ ಗೊತ್ತಿರುವುದಿಲ್ಲ. ಅವರಿಗೆ ಕಾಣುವುದು ಇಷ್ಟೇ: ಆರಾಧನೆಯ ಕ್ರಮ ಬೇರೆ, ಹಾಡಿನ ರಾಗ ಬೇರೆ, ಮಾತಾಡಿಸುವವರು ಯಾರೂ ಇಲ್ಲ. ಒಂದೆರಡು ಭಾನುವಾರ ಬರುತ್ತಾರೆ, ಆಮೇಲೆ ರೂಮಿನಲ್ಲೇ ಉಳಿಯುತ್ತಾರೆ.

ಪ್ರತಿ ಸಭೆಯೂ ತನ್ನ ಪಾಡಿಗೆ ಯುವಜನರ ಕೂಟ ನಡೆಸುತ್ತಿತ್ತು. ಎಲ್ಲ ಕಡೆಯೂ ಬರುತ್ತಿದ್ದವರು ಬೆರಳೆಣಿಕೆ. ಒಟ್ಟಿಗೆ ಮಾಡೋಣ ಅಂತ ನಾನು ಸಭೆಗಳ ಪಾಲಕರ (ಪಾಸ್ಟರ್‌ಗಳ) ಹತ್ತಿರ ಹೋದಾಗ ಬಹುತೇಕ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಮಕ್ಕಳನ್ನ ಬೇರೆಯವರು ಎಳ್ಕೊಂಡ್ರೆ?" ಸುಮ್ನೆ ಕೇಳಿದ ಮಾತಲ್ಲ ಅದು. ಊರೂರಲ್ಲಿ ಹಾಗೆ ಆಗಿದೆ, ಅದರ ನೋವೂ ಇದೆ.

ಅದಕ್ಕೇ ಮೊದಲು ಕೂತು ಮಾತಾಡಿದ್ದು ಕಾರ್ಯಕ್ರಮದ ಬಗ್ಗೆ ಅಲ್ಲ, ಈ ಭಯದ ಬಗ್ಗೆ. ಹುಡುಗ ಯಾವ ಸಭೆಯಿಂದ ಬಂದಿದ್ದಾನೋ ಆ ಸಭೆಯವನಾಗಿಯೇ ಇರಬೇಕು. ಕೂಟದಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಇಲ್ಲ, ಕರ್ತನ ಭೋಜನ (ಕಮ್ಯುನಿಯನ್) ಇಲ್ಲ, ಕಾಣಿಕೆ ಎತ್ತುವುದೂ ಇಲ್ಲ. ಶಿಶು ದೀಕ್ಷಾಸ್ನಾನ ಸರಿಯಾ ತಪ್ಪಾ ಅನ್ನುವ ಪ್ರಶ್ನೆ ಬಂದರೆ ನಿಮ್ಮ ಪಾಲಕರಿಗೆ ಫೋನ್ ಮಾಡಿ ಕೇಳಿ ಅನ್ನುತ್ತೇವೆ. ದೊಡ್ಡವರಾಗಿ ನಂಬಿದ ಮೇಲೆಯೇ ದೀಕ್ಷಾಸ್ನಾನ ಅನ್ನುವ ಪೆಂತೆಕೋಸ್ತ್ ಸಭೆಯ ಪಾಲಕರಿಗೆ ಇದನ್ನು ಒಪ್ಪುವುದು ಎಲ್ಲರಿಗಿಂತ ಕಷ್ಟ ಇತ್ತು. ಆದರೂ ಒಪ್ಪಿದರು, ಮಾತು ಉಳಿಸಿಕೊಂಡರು. ಅವರ ಮೇಲೆ ನನಗೆ ತುಂಬಾ ಗೌರವ.

ಕೂಟ ಶನಿವಾರ ಸಂಜೆ. ಇಲ್ಲಿನ ಸಪ್ತಾಪುರ ಬಡಾವಣೆಯ ರೂಮುಗಳಲ್ಲಿ ಇರುವವರಲ್ಲಿ ಎಷ್ಟೋ ಜನ ಡಿಗ್ರಿ ಮುಗಿಸಿ ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಕೋಚಿಂಗ್‌ಗೆ ಬಂದವರು, ಆ ಪರೀಕ್ಷೆಗಳು ಹೆಚ್ಚಾಗಿ ಭಾನುವಾರವೇ ಇರುತ್ತವೆ. ಊಟ ಒಂದೊಂದು ತಿಂಗಳು ಒಂದೊಂದು ಸಭೆಯದು. ದುಡ್ಡನ್ನು ಒಂದೇ ಕಡೆ ಸೇರಿಸಿಲ್ಲ, ಆಯಾ ಸಭೆಯವರೇ ಅಕ್ಕಿ ಬೇಳೆ ತಂದು ಅಡುಗೆ ಮಾಡುತ್ತಾರೆ. ಲೆಕ್ಕದ ಜಗಳಕ್ಕೆ ಜಾಗವೇ ಇಲ್ಲ. ಕಾಲೇಜಿನ ಒಳಗೆ ನಾವು ಕೂಟ ಇಡುವುದಿಲ್ಲ. 1912ರಿಂದ ಇರುವ ಎಸ್‌ಸಿಎಂ, 1954ರಲ್ಲಿ ಶುರುವಾದ ಯುಇಎಸ್‌ಐ ಎಂಬ ಕ್ರೈಸ್ತ ವಿದ್ಯಾರ್ಥಿ ಸಂಘಟನೆಗಳು ವಿದ್ಯಾರ್ಥಿಗಳ ನಡುವೆ ತಮ್ಮದೇ ರೀತಿ ಕೆಲಸ ಮಾಡುತ್ತಿವೆ, ಅವರ ಹುಡುಗರು ಜಾಗ ಕೇಳಿದರೆ ಚರ್ಚ್ ಹಾಲ್ ಕೊಡುತ್ತೇವೆ, ಅಷ್ಟೇ.

ನಿಜವಾದ ಕೆಲಸ ನಡೆಯುವುದು ಒಂದು ನೋಟ್‌ಬುಕ್‌ನಲ್ಲಿ. ನಮ್ಮ ಸಭೆಯ ಒಬ್ಬ ನಿವೃತ್ತ ಟೀಚರ್ ಅದನ್ನು ಇಟ್ಟಿದ್ದಾರೆ. ಹೆಸರು, ಊರು, ಊರಿನ ಸಭೆ, ಆ ಸಭೆಯ ಪಾಲಕರ ನಂಬರ್, ಇಲ್ಲಿನ ರೂಮ್, ರಕ್ತದ ಗುಂಪು. ಕೊನೆಯ ಕಾಲಮಿನಲ್ಲಿ ಆ ಹುಡುಗನನ್ನೋ ಹುಡುಗಿಯನ್ನೋ ತಿಂಗಳಿಗೊಮ್ಮೆ ಮನೆಗೆ ಊಟಕ್ಕೆ ಕರೆಯುವ ಕುಟುಂಬದ ಹೆಸರು. ಒಂದು ಮಳೆಗಾಲದಲ್ಲಿ ಭಾಲ್ಕಿ ಕಡೆಯ ಹುಡುಗಿಗೆ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿಯಿತು. ಅಪ್ಪ ಅಮ್ಮ ರಾತ್ರಿ ಬಸ್ಸು ಹತ್ತಿದ್ದರು. ಅವರು ಬಂದು ಮುಟ್ಟುವ ಹೊತ್ತಿಗೆ ಸಿಎಸ್‌ಐ ಸಭೆಯ ಒಬ್ಬ ತಾಯಿ ಹಾಸಿಗೆ ಪಕ್ಕದಲ್ಲಿ ಕೂತಿದ್ದರು, ಪೆಂತೆಕೋಸ್ತ್ ಸಭೆಯ ಇಬ್ಬರು ಹುಡುಗರು ಪ್ಲೇಟ್‌ಲೆಟ್ ಕೊಟ್ಟಿದ್ದರು, ಕಥೋಲಿಕ ಸಿಸ್ಟರ್ ಒಬ್ಬರು ಡಾಕ್ಟರ್ ಹತ್ತಿರ ಮಾತಾಡಿ ಏನೇನು ಆಗ್ತಿದೆ ಅಂತ ಮನೆಯವರಿಗೆ ಫೋನಿನಲ್ಲಿ ಹೇಳುತ್ತಲೇ ಇದ್ದರು. ಅಲ್ಲಿವರೆಗೆ ದೂರವೇ ನಿಂತಿದ್ದ ಒಂದು ಸಭೆ ಮುಂದಿನ ತಿಂಗಳ ಊಟ ನಮ್ಮದು ಅಂತ ತಾನಾಗಿಯೇ ಹೇಳಿಕಳಿಸಿತು.

ಈಗ ನಮಗೆ ಬೇಕಾಗಿರುವುದು ಊರಿನ ಪಾಲಕರ ಸಹಾಯ. ನಿಮ್ಮ ಸಭೆಯ ಮಕ್ಕಳು ಧಾರವಾಡಕ್ಕೆ ಹೊರಟರೆ ಅಡ್ಮಿಷನ್ ಆದ ವಾರವೇ ಇಲ್ಲಿನ ಯಾವುದಾದರೂ ಒಂದು ಸಭೆಗೆ ಹೆಸರು, ನಂಬರ್ ಕಳಿಸಿ. ಯಾವ ಸಭೆಗೆ ಕಳಿಸಿದರೂ ಅದು ಆ ನೋಟ್‌ಬುಕ್‌ಗೇ ಬರುತ್ತದೆ.